ಶೆಟ್ರ ಆರ್ಡರ್ ಪೇಜು ಎದ್ದಿದೆಯಾ? ಹಳೇ ರಾಸ್ಪ್‌ಬೆರಿ ಪೈ ಮೇಲೊಂದು ಕಾವಲು ಸ್ಕ್ರಿಪ್ಟ್

ಮುಂಬೈಯ ಅಂಧೇರಿ ಪೂರ್ವದಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕ, ಶೆಟ್ರದ್ದೊಂದು ಉಡುಪಿ ಹೋಟೆಲ್ ಇದೆ. ಸುತ್ತಲಿನ ಆಫೀಸುಗಳಿಗೆ ಬೆಳಗಿನ ತಿಂಡಿ ಪಾರ್ಸೆಲ್ ಕಳಿಸುವುದು ಅವರ ದೊಡ್ಡ ವ್ಯಾಪಾರ. ನಾಳೆ ಎಷ್ಟು ಪ್ಲೇಟ್ ಇಡ್ಲಿ, ಎಷ್ಟು ಉಪ್ಪಿಟ್ಟು ಬೇಕು ಅಂತ ಆಫೀಸಿನವರು ಹಿಂದಿನ ಸಂಜೆ 6ರಿಂದ 9ರ ಒಳಗೆ ಒಂದು ವೆಬ್ ಪೇಜಿನಲ್ಲಿ ತುಂಬುತ್ತಾರೆ. 9ಕ್ಕೆ ಆ ಲೆಕ್ಕ ಭಟ್ಟರ ಕೈಗೆ ಹೋಗುತ್ತದೆ. ಎಷ್ಟು ಹಿಟ್ಟು ರುಬ್ಬಬೇಕು ಅನ್ನುವುದು ಅದರ ಮೇಲೆ.

ಕೆಲವು ಸಂಜೆ ಆರ್ಡರ್ ಅರ್ಧಕ್ಕರ್ಧ ಕಮ್ಮಿ ಆಗುತ್ತಿತ್ತು. ಬೆಳಿಗ್ಗೆ ಆಫೀಸಿನವರ ಫೋನು: ನಿಮ್ಮ ಪೇಜು ಓಪನ್ನೇ ಆಗಲಿಲ್ಲ. ಶೆಟ್ರು ಕುಂದಾಪುರದವರು, ಮಾತು ನೇರ. "ಮಾರಾಯ್ರೆ, ಜನಕ್ಕೆ ಇಡ್ಲಿ ಬೇಡವಾ, ಇಲ್ಲ ಪೇಜೇ ಇಲ್ವಾ? ನಂಗೆ ಆಗಿಂದಾಗ್ಗೆ ಗೊತ್ತಾಗ್ಬೇಕು. ಮರುದಿನ ಗೊತ್ತಾಗಿ ಏನು ಪ್ರಯೋಜನ ಉಂಟು?"

ನನಗೆ ಬೇಕಾದ ವಿವರವೆಲ್ಲ ಆ ಮಾತಿನಲ್ಲೇ ಇತ್ತು. ಇಂಥ ಕೆಲಸಕ್ಕೆ ರೆಡಿಮೇಡ್ ಸಾಧನಗಳು ಬೇಕಾದಷ್ಟಿವೆ. ಅಪ್‌ಟೈಮ್ ಕೂಮಾ ಅನ್ನೋದು ಉಚಿತ, ಚೆನ್ನಾಗಿಯೂ ಇದೆ. ಆದರೆ ನನಗೆ ಬೇಕಿದ್ದದ್ದು ಪೇಜಿನ ಒಳಗೆ ನಾಳಿನ ತಾರೀಖು ಇದೆಯಾ ಅಂತ ನೋಡುವುದು, ಮತ್ತು ಶೆಟ್ರಿಗೆ ಅವರ ಭಾಷೆಯಲ್ಲಿ ಹೇಳುವುದು. ಅಷ್ಟಕ್ಕೆ ಒಂದು ಬ್ಯಾಶ್ ಸ್ಕ್ರಿಪ್ಟ್, ಅಂದರೆ ಲಿನಕ್ಸ್ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಫೈಲು, ಸಾಕು.

ಯಂತ್ರ

ಡೊಂಬಿವಲಿಯ ನಮ್ಮ ಮನೆಯ ಡ್ರಾಯರಿನಲ್ಲಿ ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್ ಒಂದು ಬಿದ್ದಿತ್ತು. 2016ರ ಮಾಡೆಲ್. ವೆಬ್ ಪೇಜು ಎದ್ದಿದೆಯಾ ಅಂತ ಕೇಳುವುದಕ್ಕೆ ಇದೇ ಜಾಸ್ತಿ. ಹೋಟೆಲಿನಲ್ಲೇ ಇಡಬಹುದಿತ್ತು, ಆದರೆ ಗಲ್ಲಾದ ಹಿಂದೆ ಹಬೆ, ಎಣ್ಣೆ, ಪ್ಲಗ್ ಕಿತ್ತು ಮೊಬೈಲ್ ಚಾರ್ಜ್ ಮಾಡುವ ಹುಡುಗರು. ಮನೆಯಲ್ಲೇ ರೌಟರ್ ಪಕ್ಕ ಇಟ್ಟೆ. ಗಿರಾಕಿಯೂ ಹೊರಗಿನಿಂದಲೇ ಪೇಜು ನೋಡುವವನು ಅಲ್ವಾ, ಹಾಗಾಗಿ ಕಾವಲು ಕೂಡ ಹೊರಗೇ ಇರಲಿ.

ಪೈಗೆ ಕರೆಂಟು ಕೊಟ್ಟ ಕೂಡಲೇ ಒಂದು ತಮಾಷೆ. ಶೆಟ್ರ ಪೇಜಷ್ಟೇ ಅಲ್ಲ, ನಾನು ಕೇಳಿದ ಎಷ್ಟೋ ಸೈಟುಗಳ ಸರ್ಟಿಫಿಕೇಟ್ (ಸೈಟಿನ ಗುರುತಿನ ಚೀಟಿ) "ಇನ್ನೂ ಚಾಲ್ತಿಗೆ ಬಂದಿಲ್ಲ" ಅಂತ ಹೇಳಿತು. ಕಾರಣ ಸರಳ. ಪೈ 3ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಆಫ್ ಆಗುವಾಗಿನ ಸಮಯವನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡು, ಮತ್ತೆ ಎದ್ದಾಗ ಅಲ್ಲಿಂದಲೇ ಶುರು ಮಾಡುತ್ತದೆ. ಡ್ರಾಯರಿನಲ್ಲಿ ಮಲಗಿದ್ದ ಕಾಲ ಅದರ ಲೆಕ್ಕಕ್ಕೇ ಇಲ್ಲ. ಅದರ ಪ್ರಕಾರ ಆ ಸರ್ಟಿಫಿಕೇಟುಗಳೆಲ್ಲ ಭವಿಷ್ಯದವು. ನೆಟ್ ಸಿಕ್ಕಿ, ಸಮಯದ ಸರ್ವರ್ ಜೊತೆ ಮಾತಾಡಿಕೊಂಡ ಮೇಲೆ ತಾನೇ ಸರಿಹೋಯಿತು.

ಇದನ್ನು ಹಾಗೇ ಬಿಡುವ ಹಾಗಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಕೆಲವು ನಿಮಿಷ ಗಡಿಯಾರ ಹಿಂದೆ ಇರುತ್ತದೆ, ಲಾಗಿನಲ್ಲಿ (ಸ್ಕ್ರಿಪ್ಟು ಬರೆದಿಡುವ ದಿನಚರಿಯಲ್ಲಿ) ಸುಳ್ಳು ಸಮಯ ಬೀಳುತ್ತದೆ. ಹಾಗಾಗಿ ಸ್ಕ್ರಿಪ್ಟಿನ ಮೊದಲ ಕೆಲಸವೇ ಇದು: 'ಟೈಮ್‌ಡೇಟ್‌ಸಿಟಿಎಲ್' ಅನ್ನೋ ಆಜ್ಞೆಯನ್ನು ಕೇಳಿ, ಗಡಿಯಾರ ಹೊಂದಿಕೊಂಡಿಲ್ಲ ಅಂದರೆ ಏನೂ ಮಾಡದೆ ಎದ್ದು ಹೋಗುವುದು.

ಪಿಂಗ್ ಯಾಕೆ ಸಾಲದು

ಸೈಟು ಇದೆಯಾ ನೋಡು ಅಂದರೆ ಎಲ್ಲರ ಕೈ ಮೊದಲು ಹೋಗುವುದು ಪಿಂಗ್ ಕಡೆಗೆ. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಮ್ ಅದು, ಇವತ್ತಿಗೂ ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಅದು ಐಸಿಎಂಪಿ ಅನ್ನೋ ಪ್ರೋಟೋಕಾಲಿನಲ್ಲಿ "ಇದ್ದೀಯಾ" ಅಂತ ಕೇಳುತ್ತದೆ, ಆ ಕಡೆಯ ಯಂತ್ರ "ಇದ್ದೀನಿ" ಅನ್ನುತ್ತದೆ. ಅಷ್ಟೇ. ಯಂತ್ರದ ಮೇಲೆ ವೆಬ್ ಸರ್ವರ್ ಓಡ್ತಾ ಇದೆಯಾ, ಡೇಟಾಬೇಸ್ ಬದುಕಿದೆಯಾ, ಇದ್ಯಾವುದೂ ಪಿಂಗ್‌ಗೆ ಗೊತ್ತಿಲ್ಲ. ಹೋಟೆಲಿನ ಬೋರ್ಡಿನ ಲೈಟು ಉರೀತಾ ಇದೆ ಅಂದ ಮಾತ್ರಕ್ಕೆ ಒಳಗೆ ಇಡ್ಲಿ ಇದೆ ಅಂತಲ್ಲ.

ಉಲ್ಟಾ ಕೂಡ ಆಗುತ್ತದೆ. ಎಷ್ಟೋ ಕಡೆ ಫೈರ್‌ವಾಲ್ ಪಿಂಗ್ ಅನ್ನು ತಡೆಯುತ್ತದೆ. ಪಿಂಗ್‌ಗೆ ಉತ್ತರ ಇಲ್ಲ, ಸೈಟು ಮಾತ್ರ ಚೆನ್ನಾಗಿ ತೆರೆಯುತ್ತದೆ. ಹಾಗಾಗಿ ಪಿಂಗ್ ಅನ್ನು ನಾನು ಒಂದೇ ಕಡೆ ಉಳಿಸಿಕೊಂಡೆ: ನಮ್ಮ ಮನೆಯ ರೌಟರ್ ಬದುಕಿದೆಯಾ ಅಂತ ನೋಡಲು.

ಕರ್ಲ್ ಕೈಗೆ ಕೆಲಸ

ನಿಜವಾದ ಕೆಲಸ ಕರ್ಲ್‌ನದು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಈ ಹೆಸರಿನಲ್ಲಿ ಬಿಡುಗಡೆ ಮಾಡಿದ ಟೂಲ್. ಕರೆನ್ಸಿ ದರಗಳನ್ನು ವೆಬ್‌ನಿಂದ ಎತ್ತಿಕೊಳ್ಳುವ ಸಣ್ಣ ಕೆಲಸದಿಂದ ಹುಟ್ಟಿದ್ದು. ಬ್ರೌಸರ್ ಕೇಳುವ ಹಾಗೇ ಪೇಜು ಕೇಳುತ್ತದೆ, ಮತ್ತು ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ನಂಬರ್ ಕೊಟ್ಟು ಹೇಳುತ್ತದೆ.

ಈ ನಂಬರುಗಳೇ ನನ್ನ ಸ್ಕ್ರಿಪ್ಟಿನ ಬೆನ್ನೆಲುಬು. ಕರ್ಲ್ 6 ಅಂತ ಹೇಳಿ ಹೊರಟರೆ ಹೆಸರೇ ಸಿಗಲಿಲ್ಲ, ಅಂದರೆ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ತೊಂದರೆ. 7 ಅಂದರೆ ವಿಳಾಸ ಸಿಕ್ಕಿತು, ಬಾಗಿಲು ತೆರೆಯಲಿಲ್ಲ. 28 ಅಂದರೆ ಕಾದು ಕಾದು ಸಮಯ ಮುಗಿಯಿತು. 60 ಅಂದರೆ ಸರ್ಟಿಫಿಕೇಟ್ ಮೇಲೆ ನಂಬಿಕೆ ಇಲ್ಲ. ಇವೆಲ್ಲ ದಾಟಿದ ಮೇಲೆ ಸರ್ವರ್ ಕೊಡುವ ಕೋಡ್: 200 ಬಂದರೆ ಸರಿ, 404 ಅಂದರೆ ಪೇಜಿಲ್ಲ, 500ರ ಮೇಲಿನವೆಲ್ಲ ಸರ್ವರಿನ ಹೊಟ್ಟೆನೋವು. ಉತ್ತರವೇ ಬರದಿದ್ದರೆ ಕರ್ಲ್ ಆ ಜಾಗದಲ್ಲಿ 000 ಅಂತ ಬರೆಯುತ್ತದೆ.

ಎರಡು ಗಡುವು ಕೊಡಲೇಬೇಕು. 'ಕನೆಕ್ಟ್-ಟೈಮ್‌ಔಟ್' 5 ಸೆಕೆಂಡ್, 'ಮ್ಯಾಕ್ಸ್-ಟೈಮ್' 20 ಸೆಕೆಂಡ್. ಎರಡನೆಯದನ್ನು ಕೊಡದಿದ್ದರೆ, ಬಾಗಿಲು ತೆರೆದು ಮಾತೇ ಆಡದ ಸರ್ವರಿನ ಮುಂದೆ ಕರ್ಲ್ ಸುಮ್ನೆ ಕೂತಿರುತ್ತದೆ. ಪೇಜಿನ ತಲೆಭಾಗ ಮಾತ್ರ ಕೇಳುವ 'ಹೆಡ್' ವಿಧಾನವನ್ನು ನಾನು ಬಳಸಲಿಲ್ಲ. ಡೇಟಾ ಉಳಿಯುತ್ತದೆ ನಿಜ, ಆದರೆ ಕೆಲವು ಸರ್ವರ್ ಅದಕ್ಕೆ 405 ಅಂತ ಮುಖ ತಿರುಗಿಸುತ್ತವೆ. ಅದಲ್ಲದೆ ನನಗೆ ಪೇಜಿನ ಹೊಟ್ಟೆಯೊಳಗಿನ ವಿಷಯವೂ ಬೇಕು.

ಇನ್ನೊಂದು ಮಾತು. ಇಂಟರ್ನೆಟ್ಟಿನಲ್ಲಿ ಸಿಗುವ ಎಷ್ಟೋ ಸ್ಕ್ರಿಪ್ಟುಗಳಲ್ಲಿ ಕರ್ಲ್‌ಗೆ 'ಇನ್‌ಸೆಕ್ಯೂರ್' ಅನ್ನೋ ಆಯ್ಕೆ ಹಾಕಿರುತ್ತಾರೆ, ಸರ್ಟಿಫಿಕೇಟ್ ಕಿರಿಕಿರಿ ಬೇಡ ಅಂತ. ಕಾವಲು ಸ್ಕ್ರಿಪ್ಟಿನಲ್ಲಿ ಅದನ್ನು ಹಾಕಿದರೆ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಯಾಕೆ ಅನ್ನುವುದು ಕೇಬಲ್‌ವಾಲಾನ ಕಥೆಯಲ್ಲಿ ಗೊತ್ತಾಗುತ್ತದೆ.

ಮೊದಲು ನಮ್ಮ ಮನೆ ಸರಿಯಿದೆಯಾ

ನಮ್ಮ ಬಿಲ್ಡಿಂಗಿಗೆ ನೆಟ್ ಕೊಡುವವನು ಲೋಕಲ್ ಕೇಬಲ್‌ವಾಲಾ. ತಿಂಗಳ ದುಡ್ಡು ಕಟ್ಟುವುದು ಒಂದು ದಿನ ತಡವಾದರೂ, ಏನು ತೆರೆದರೂ ಅವನ ರೀಚಾರ್ಜ್ ಪೇಜೇ ಬರುತ್ತದೆ. ಆ ಪೇಜಿನ ಕೋಡ್ ಏನು ಗೊತ್ತಾ? 200. ಎಲ್ಲಾ ಸರಿ. 'ಇನ್‌ಸೆಕ್ಯೂರ್' ಹಾಕಿದ ಸ್ಕ್ರಿಪ್ಟು ಇದನ್ನು ನೋಡಿ ಶೆಟ್ರ ಪೇಜು ಚೆನ್ನಾಗಿದೆ ಅಂತ ಲಾಗಿನಲ್ಲಿ ಬರೆಯುತ್ತದೆ. ಸರ್ಟಿಫಿಕೇಟ್ ಪರೀಕ್ಷೆ ಇದ್ದರೆ ಕರ್ಲ್ 60 ಅಂತ ಹೇಳಿ ನಿಲ್ಲುತ್ತದೆ, ಯಾಕೆಂದರೆ ಕೇಬಲ್‌ವಾಲಾನ ಹತ್ತಿರ ಶೆಟ್ರ ಸೈಟಿನ ಸರ್ಟಿಫಿಕೇಟ್ ಇಲ್ಲ.

ಆದರೆ 60 ಬಂತು ಅಂತ ಶೆಟ್ರಿಗೆ ಮೆಸೇಜ್ ಕಳಿಸಿದರೆ ಅದೂ ತಪ್ಪೇ. ಅವರ ಪೇಜಿಗೆ ಏನೂ ಆಗಿಲ್ಲ. ಹಾಗಾಗಿ ಪೇಜು ಸಿಗದಿದ್ದಾಗ ಸ್ಕ್ರಿಪ್ಟು ತನ್ನನ್ನೇ ಮೊದಲು ಅನುಮಾನಿಸುತ್ತದೆ. ರೌಟರ್‌ಗೆ ಪಿಂಗ್. ಆಮೇಲೆ ಕ್ಲೌಡ್‌ಫ್ಲೇರ್‌ನ 1.1.1.1 ಸರ್ವರ್‌ಗೆ ನೇರವಾಗಿ ಡಿಎನ್‌ಎಸ್ ಪ್ರಶ್ನೆ. ಆಮೇಲೆ ಆಂಡ್ರಾಯ್ಡ್ ಫೋನುಗಳು ನೆಟ್ ಇದೆಯಾ ಅಂತ ನೋಡಲು ಬಳಸುವ ಗೂಗಲ್ಲಿನ ವಿಳಾಸ. ಅದು 204 ಅನ್ನೋ ಖಾಲಿ ಉತ್ತರ ಕೊಡಬೇಕು. 204 ಬಿಟ್ಟು 200 ಬಂತು, ಇಲ್ಲ ಬೇರೆ ಕಡೆ ಕಳಿಸಿತು ಅಂದರೆ ನಡುವೆ ಯಾರೋ ಕೂತಿದ್ದಾರೆ ಅಂತ ಅರ್ಥ. ಈ ಮೂರರಲ್ಲಿ ಯಾವುದು ಕೆಟ್ಟರೂ ಲಾಗಿನಲ್ಲಿ "ನಮ್ಮದೇ ತೊಂದರೆ" ಅಂತ ಬರೆದು ಸುಮ್ಮನಾಗುತ್ತದೆ.

ಪೇಜು ಚೆನ್ನಾಗಿ ಸಿಕ್ಕಾಗ ಈ ಮೂರನ್ನೂ ಕೇಳುವುದಿಲ್ಲ. ಸುಮ್ಮಸುಮ್ಮನೆ ಬೇರೆಯವರ ಸರ್ವರ್ ತಟ್ಟುವುದು ನನಗೆ ಸರಿಬರುವುದಿಲ್ಲ.

ನಾಳಿನ ತಾರೀಖು

200 ಬಂದ ಮಾತ್ರಕ್ಕೆ ಆರ್ಡರ್ ಹಾಕಬಹುದು ಅಂತಲ್ಲ. ಈ ಸೈಟು ವರ್ಡ್‌ಪ್ರೆಸ್ ಅನ್ನೋ ಸೈಟು ಕಟ್ಟುವ ತಂತ್ರಾಂಶದ ಮೇಲಿದೆ. ಕ್ಯಾಶ್‌ನಿಂದ, ಅಂದರೆ ಮೊದಲೇ ತಯಾರಿಸಿಟ್ಟ ಪ್ರತಿಯಿಂದ, ನಿನ್ನೆಯ ಪೇಜೇ ಬರಬಹುದು. ಮೆನು ಇಲ್ಲದ ಖಾಲಿ ಫಾರ್ಮ್ ಕೂಡ 200 ಅಂತಲೇ ಬರುತ್ತದೆ. ಗಿರಾಕಿ ಪೇಜಿನಲ್ಲಿ ನೋಡುವುದು ಏನು? ಮೇಲೆ ನಾಳಿನ ತಾರೀಖು, ಕೆಳಗೆ ತಿಂಡಿಗಳ ಪಟ್ಟಿ. ಸ್ಕ್ರಿಪ್ಟೂ ಅದನ್ನೇ ನೋಡಲಿ ಅಂದುಕೊಂಡೆ.

ಪೇಜಿನ ತಲೆಯಲ್ಲಿ ಹೋಟೆಲಿನ ಹೆಸರು ಕನ್ನಡದಲ್ಲಿದೆ. ಅದು ಇದೆಯಾ ಅಂತಲೂ ಗ್ರೆಪ್ ಅನ್ನೋ ಪದ ಹುಡುಕುವ ಆಜ್ಞೆಯಿಂದ ನೋಡಿದೆ. ಕಣ್ಣಿಗೆ ಒಂದೇ ಥರ ಕಾಣುವ ಪದ, ಗ್ರೆಪ್ ಮಾತ್ರ ಸಿಗಲಿಲ್ಲ ಅನ್ನುತ್ತಿತ್ತು. ಬೈಟುಗಳನ್ನು ಬಿಡಿಸಿ ನೋಡಿದರೆ, ಪೇಜಿನಲ್ಲಿ 'ಹೋಟೆಲ್' ಅನ್ನೋ ಪದದ ಕೊನೆಯ ಲ್ ಆದ ಮೇಲೆ ಒಂದು ಕಾಣದ ಅಕ್ಷರ ಕೂತಿತ್ತು. ಝಡ್‌ಡಬ್ಲ್ಯೂಎನ್‌ಜೆ, ಒತ್ತಕ್ಷರ ಆಗದಂತೆ ತಡೆಯಲು ಹಾಕುವುದು. ಕೆಲವು ಟೈಪಿಂಗ್ ತಂತ್ರಾಂಶಗಳು ಅರ್ಧಾಕ್ಷರ ಆದ ಮೇಲೆ ಅದನ್ನು ತಾವೇ ಸೇರಿಸುತ್ತವೆ, ನನ್ನ ಕೀಬೋರ್ಡ್ ಸೇರಿಸುವುದಿಲ್ಲ. ಕನ್ನಡ ಪೇಜುಗಳ ಮೇಲೆ ಪದ ಹುಡುಕುವ ಸ್ಕ್ರಿಪ್ಟು ಬರೆಯುವವರು ಹೋಲಿಸುವ ಮೊದಲು ಎರಡೂ ಕಡೆಯಿಂದ ಆ ಅಕ್ಷರವನ್ನು ಅಳಿಸಿಬಿಡಿ. ನಾನು ಹೆಸರನ್ನೇ ಕೈಬಿಟ್ಟೆ. ತಾರೀಖು ಬರೀ ಅಂಕಿ, ಅದಕ್ಕೆ ಈ ರಗಳೆ ಇಲ್ಲ.

'ಡೇಟ್' ಆಜ್ಞೆಗೆ 'ಟುಮಾರೋ' ಅಂದರೆ ನಾಳಿನ ತಾರೀಖು ಕೊಡುತ್ತದೆ. ಅದನ್ನು ಪೇಜಿನಲ್ಲಿ ಹುಡುಕು, ಸಿಗದಿದ್ದರೆ "ಪೇಜಿದೆ, ತಾರೀಖು ತಪ್ಪು" ಅಂತ ಬರೆ. ಅಷ್ಟೇ.

ಸುಳ್ಳು ಗಂಟೆ ಹೊಡೆಯಬಾರದು

ಇಡೀ ಕೆಲಸದಲ್ಲಿ ನಾನು ಜಾಸ್ತಿ ಯೋಚಿಸಿದ್ದು ಇದರ ಬಗ್ಗೆ. ರಾತ್ರಿ ಒಂದು ಸಲ ಸುಳ್ಳು ಮೆಸೇಜ್ ಹೋದರೆ ಶೆಟ್ರು ಸಹಿಸುತ್ತಾರೆ. ಇನ್ನೊಂದು ಸಲ ಹೋದರೆ ಆ ಚಾಟನ್ನೇ ಮ್ಯೂಟ್ ಮಾಡುತ್ತಾರೆ. ಆಮೇಲೆ ನಿಜವಾಗಿ ಪೇಜು ಬಿದ್ದ ದಿನ ನನ್ನ ಸ್ಕ್ರಿಪ್ಟು ಗೋಡೆಗೆ ಹೇಳಿದಂತೆ.

ಹಾಗಾಗಿ ಒಂದು ಸಲ ಪೇಜು ಸಿಗಲಿಲ್ಲ ಅಂದರೆ ಸ್ಕ್ರಿಪ್ಟು ಒಂದು ನಿಮಿಷ ಕಾಯುತ್ತದೆ, ಮತ್ತೆ ಕೇಳುತ್ತದೆ. ಇನ್ನೊಂದು ನಿಮಿಷ, ಮತ್ತೆ. ಮೂರೂ ಸಲ ಸಿಗದಿದ್ದರೆ, ನಮ್ಮ ನೆಟ್ ಸರಿಯಿದ್ದರೆ, ಆಗ ಮಾತ್ರ 'ಬಿದ್ದಿದೆ'. ಕೊನೆಯ ಸ್ಥಿತಿ ಏನಿತ್ತು ಅಂತ ಒಂದು ಸಣ್ಣ ಫೈಲಿನಲ್ಲಿ ಇಡುತ್ತದೆ. ಮೆಸೇಜ್ ಹೋಗುವುದು ಸ್ಥಿತಿ ಬದಲಾದಾಗ ಮಾತ್ರ: ಎದ್ದದ್ದು ಬಿದ್ದಾಗ ಒಂದು, ಬಿದ್ದದ್ದು ಎದ್ದಾಗ ಒಂದು. ಐದೈದು ನಿಮಿಷಕ್ಕೆ "ಇನ್ನೂ ಬಿದ್ದಿದೆ, ಇನ್ನೂ ಬಿದ್ದಿದೆ" ಅಂತ ಬಡಬಡಿಸುವುದಿಲ್ಲ.

ಇದನ್ನೆಲ್ಲ ಓಡಿಸುವುದು ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡಿಸುವ ಪ್ರೋಗ್ರಾಮ್), 5 ನಿಮಿಷಕ್ಕೊಮ್ಮೆ. ದಿನಕ್ಕೆ 288 ಸಲ. ಒಂದು ಸುತ್ತು ಐದು ನಿಮಿಷ ಮೀರಿದರೂ ಮುಂದಿನದು ಅದರ ಮೇಲೆ ಹತ್ತಬಾರದು ಅಂತ 'ಎಫ್‌ಲಾಕ್' ಹಾಕಿದೆ. ಕ್ರಾನ್‌ಗೆ ನಮ್ಮ ಟರ್ಮಿನಲ್ಲಿನ ಪಾತ್ (ಆಜ್ಞೆಗಳನ್ನು ಹುಡುಕುವ ಜಾಗಗಳ ಪಟ್ಟಿ) ಗೊತ್ತಿರುವುದಿಲ್ಲ, ಆಜ್ಞೆಗಳ ಪೂರ್ತಿ ದಾರಿ ಬರೆಯುವುದು ಒಳ್ಳೆಯದು.

ಮೆಸೇಜಿಗೆ ಟೆಲಿಗ್ರಾಮ್. ಅದರಲ್ಲೇ ಇರುವ ಬಾಟ್‌ಫಾದರ್ ಹತ್ತಿರ ಒಂದು ಬಾಟ್ (ಪ್ರೋಗ್ರಾಮು ನಡೆಸುವ ಖಾತೆ) ಮಾಡಿಸಿಕೊಂಡರೆ ಟೋಕನ್ ಅನ್ನೋ ಗುಟ್ಟಿನ ಕೀಲಿ ಕೊಡುತ್ತದೆ, ಕರ್ಲ್‌ನಿಂದಲೇ ಮೆಸೇಜ್ ಕಳಿಸಬಹುದು. ಬಾಟ್ ತಾನಾಗಿ ಯಾರಿಗೂ ಮೊದಲ ಮಾತು ಆಡುವ ಹಾಗಿಲ್ಲ. ಶೆಟ್ರು ತಮ್ಮ ಫೋನಿನಲ್ಲಿ ಒಂದು ಸಲ 'ಸ್ಟಾರ್ಟ್' ಒತ್ತಬೇಕು. ಕನ್ನಡದ ಮೆಸೇಜ್ ಕಳಿಸುವಾಗ 'ಡೇಟಾ-ಯುಆರ್‌ಎಲ್‌ಎನ್‌ಕೋಡ್' ಆಯ್ಕೆ ಹಾಕಿ, ಇಲ್ಲದಿದ್ದರೆ ಸಾಲಿನ ನಡುವೆ ಒಂದು ಆಂಪರ್‌ಸ್ಯಾಂಡ್ (&) ಬಂದರೆ ಮಾತು ಅಲ್ಲಿಗೇ ತುಂಡಾಗುತ್ತದೆ, ಕೂಡಿಸುವ ಗುರುತು ಬಂದರೆ ಅದು ಖಾಲಿ ಜಾಗವಾಗುತ್ತದೆ. ಟೋಕನ್ ಸ್ಕ್ರಿಪ್ಟಿನೊಳಗೆ ಬೇಡ. ಬೇರೆ ಫೈಲಿನಲ್ಲಿಟ್ಟು, ನಿಮ್ಮನ್ನು ಬಿಟ್ಟು ಯಾರೂ ಓದದಂತೆ 600 ಅನುಮತಿ ಕೊಡಿ.

ಮೊದಲಿಗೆ ನಾನು ಇಟ್ಟಿದ್ದ ಮೆಸೇಜ್: "ಪೇಜು ಬಿದ್ದಿದೆ, ಕೋಡ್ 503." ಪರೀಕ್ಷೆಗೆ ಕಳಿಸಿದ್ದನ್ನು ಓದಿ ಶೆಟ್ರು ಫೋನ್ ಮಾಡಿದರು. "ಸರಿ ಮಾರಾಯ್ರೆ, ಬಿದ್ದಿದೆ. ನಾನೀಗ ಏನು ಮಾಡ್ಬೇಕು?" ಕೇಳಬೇಕಾದ ಪ್ರಶ್ನೆಯೇ. ಗಲ್ಲಾ ಮೇಲೆ ಕೂತವರಿಗೆ 503 ಕಟ್ಟಿಕೊಂಡು ಏನಾಗಬೇಕು? ಈಗ ಮೆಸೇಜ್ ಹೀಗಿದೆ: "ಆರ್ಡರ್ ಪೇಜು ತೆರೆಯುತ್ತಿಲ್ಲ. ಆಫೀಸಿನವರಿಗೆ ವಾಟ್ಸಾಪಿನಲ್ಲಿ ಆರ್ಡರ್ ಹಾಕಲು ಹೇಳಿ. ಸರಿಯಾದ ಕೂಡಲೇ ತಿಳಿಸುತ್ತೇನೆ." ಕೋಡುಗಳೆಲ್ಲ ನನಗೆ ಮತ್ತು ಸೈಟು ಮಾಡಿಕೊಟ್ಟ ಹುಡುಗನಿಗೆ ಬೇರೆ ಚಾಟಿನಲ್ಲಿ ಹೋಗುತ್ತವೆ. ಸಂಜೆ 5ರಿಂದ 9ರ ಹೊರಗೆ ಪೇಜು ಬಿದ್ದರೆ ಶೆಟ್ರಿಗೆ ಮೆಸೇಜೇ ಇಲ್ಲ, ನಮಗಿಬ್ಬರಿಗೆ ಮಾತ್ರ.

ಐದೂವರೆಯ ಸುಳಿವು

ಓಡಲು ಬಿಟ್ಟ ಮೇಲೆ ಲಾಗಿನಲ್ಲಿ ಎರಡು ವಿಚಿತ್ರ ಕಂಡವು.

ಮೊದಲನೆಯದು: ದಿನಾ ರಾತ್ರಿ 12ರಿಂದ "ಪೇಜಿದೆ, ತಾರೀಖು ತಪ್ಪು". ಬೆಳಗಿನವರೆಗೂ ಅದೇ ಸಾಲು. ಆಮೇಲೆ ತಾನೇ ಸರಿ. ಎಷ್ಟು ಹೊತ್ತಿಗೆ ಸರಿಹೋಗುತ್ತದೆ ಅಂತ ನೋಡಿದರೆ ಸರಿಯಾಗಿ 5:30. ಭಾರತದಲ್ಲಿ ಕಂಪ್ಯೂಟರ್ ಮುಂದೆ ಕೂತ ಯಾರಿಗೇ ಆದರೂ 5:30 ಕಂಡರೆ ತಲೆಯಲ್ಲಿ ಗಂಟೆ ಬಾರಿಸುತ್ತದೆ. ನಮ್ಮ ಸಮಯ ಯುಟಿಸಿ ಅನ್ನೋ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಸೈಟು ಯುಟಿಸಿಯಲ್ಲಿ ಓಡ್ತಾ ಇದೆ. ವರ್ಡ್‌ಪ್ರೆಸ್ ಹೊಸದಾಗಿ ಹಾಕಿದಾಗ ಸಮಯ ವಲಯ ಯುಟಿಸಿಯೇ ಇರುತ್ತದೆ. ಇಲ್ಲಿ ಯಾರೂ ಬದಲಾಯಿಸಿರಲಿಲ್ಲ. ಮಧ್ಯರಾತ್ರಿ ದಾಟಿದರೂ ಸೈಟಿಗೆ ಅದು ಇನ್ನೂ ನಿನ್ನೆ ಸಂಜೆ. ಆ ಹೊತ್ತಿಗೆ ಯಾರೂ ಆರ್ಡರ್ ಹಾಕುವುದಿಲ್ಲವಾದ್ದರಿಂದ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎರಡನೆಯದು ಸಂಜೆಯದು. ಕರ್ಲ್ ಪ್ರತಿ ಹಂತದ ಸಮಯ ಅಳೆದು ಕೊಡುತ್ತದೆ. ಹೆಸರು ಹುಡುಕಲು, ಸಂಪರ್ಕಕ್ಕೆ, ಸರ್ಟಿಫಿಕೇಟ್ ಮಾತುಕತೆಗೆ, ಕೊನೆಗೆ ಮೊದಲ ಬೈಟ್ ಬರುವವರೆಗೆ. ಎಲ್ಲವೂ ಶುರುವಿನಿಂದ ಎಣಿಸಿದ ಸೆಕೆಂಡು. ಒಂದು ಸಂಜೆಯ ಸಾಲುಗಳು ಹೀಗಿದ್ದವು:

19:25 ಸರಿ 200, ಹೆಸರು 0.01, ಸಂಪರ್ಕ 0.08, ಸರ್ಟಿಫಿಕೇಟ್ 0.16, ಮೊದಲ ಬೈಟ್ 0.62
19:30 ಸರಿ 200, ಹೆಸರು 0.01, ಸಂಪರ್ಕ 0.08, ಸರ್ಟಿಫಿಕೇಟ್ 0.16, ಮೊದಲ ಬೈಟ್ 0.71
19:35 ನಿಧಾನ 200, ಹೆಸರು 0.01, ಸಂಪರ್ಕ 0.08, ಸರ್ಟಿಫಿಕೇಟ್ 0.17, ಮೊದಲ ಬೈಟ್ 9.84
19:40 ಬಿದ್ದಿದೆ 508
19:45 ಬಿದ್ದಿದೆ 508
19:50 ಬಿದ್ದಿದೆ 000, ಕರ್ಲ್ 28
19:55 ಸರಿ 200, ಹೆಸರು 0.01, ಸಂಪರ್ಕ 0.08, ಸರ್ಟಿಫಿಕೇಟ್ 0.16, ಮೊದಲ ಬೈಟ್ 0.66

ಇದನ್ನು ಓದುವುದು ಹೇಗೆ ಅಂದರೆ, ಮೊದಲು ಸಂಪರ್ಕದ ಅಂಕಿ ನೋಡಿ. ಸರ್ವರ್ ಇರುವುದು ಸಿಂಗಪುರದಲ್ಲಿ. ಮುಂಬೈಯಿಂದ ಸುಮಾರು 3,900 ಕಿಲೋಮೀಟರ್. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ, ಹಾಗಾಗಿ ಹೋಗಿ ಬರಲು ಸುಮಾರು 0.04 ಸೆಕೆಂಡ್ ಆದರೂ ಬೇಕೇ ಬೇಕು. ಕೇಬಲ್ಲು ನೇರ ಗೆರೆಯಲ್ಲಿ ಹೋಗುವುದಿಲ್ಲ, ನಡುವೆ ರೌಟರುಗಳಿವೆ. 0.08ರಲ್ಲಿ ಹೆಸರು ಹುಡುಕಿದ 0.01 ಕಳೆದರೆ 0.07, ಅಂದರೆ ಚೆನ್ನಾಗೇ ಇದೆ. ಮತ್ತು 19:35ರಲ್ಲೂ ಆ ಅಂಕಿ ಅಲುಗಾಡಿಲ್ಲ. ಅಂದರೆ ತೊಂದರೆ ಮುಂಬೈ ನೆಟ್ಟಿನದೂ ಅಲ್ಲ, ಸಮುದ್ರದ ಕೇಬಲ್ಲಿನದೂ ಅಲ್ಲ. ಉಬ್ಬಿದ್ದು ಮೊದಲ ಬೈಟ್ ಒಂದೇ. ಸರ್ವರ್ ಕರೆ ತಕ್ಷಣ ಎತ್ತಿಕೊಂಡಿದೆ, ಉತ್ತರ ತಯಾರಿಸಲು ಒಂಬತ್ತು ಸೆಕೆಂಡ್ ಒದ್ದಾಡಿದೆ.

508 ಇನ್ನೂ ಸ್ಪಷ್ಟ. ಕ್ಲೌಡ್‌ಲಿನಕ್ಸ್ ಓಡಿಸುವ ಶೇರ್ಡ್ ಹೋಸ್ಟಿಂಗ್‌ನಲ್ಲಿ (ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುವ ಕಡೆ), ನಿಮ್ಮ ಖಾತೆಗೆ ಕೊಟ್ಟ ಪಾಲು ಮುಗಿದರೆ ಬರುವ ಕೋಡ್ ಅದು. ಪಕ್ಕದ ಸೈಟುಗಳು ಆರಾಮಾಗಿರುತ್ತವೆ, ನಿಮ್ಮದೊಂದೇ ಉಸಿರುಗಟ್ಟುತ್ತದೆ.

ಹಾಗಾದರೆ 7:30ಕ್ಕೆ ಅಲ್ಲಿ ಏನು ನಡೆಯುತ್ತದೆ? ಸೈಟಿನ ಹುಡುಗ, ಮೀರಾ ರೋಡಿನವನು, ಫೋನಿನಲ್ಲಿ ಹೇಳಿದ: "ಏನೂ ಇಲ್ಲ ಅಣ್ಣಾ. ದಿನದ ಬ್ಯಾಕಪ್ ಒಂದಿದೆ, ಅದು ಮಧ್ಯಾಹ್ನ 2ಕ್ಕೆ. ಆ ಟೈಮಲ್ಲಿ ಯಾರೂ ಆರ್ಡರ್ ಹಾಕಲ್ಲ ಅಂತಾನೇ ಇಟ್ಟಿದ್ದು." ಮಧ್ಯಾಹ್ನ 2, ಆದರೆ ಯುಟಿಸಿಯಲ್ಲಿ. ಐದೂವರೆ ಕೂಡಿಸಿದರೆ ನಮ್ಮ ಸಂಜೆ 7:30. ಇಡ್ಲಿ ಲೆಕ್ಕ ಸರಿಯಾಗಿ ಏರುವ ಹೊತ್ತು. ಪೇಜಿನ ಎಲ್ಲ ಫೋಟೋ, ಡೇಟಾಬೇಸ್, ಒಟ್ಟು ಕಟ್ಟಿ ಜಿಪ್ ಮಾಡಲು ಸರ್ವರ್ ಆಗಲೇ ಶುರು ಮಾಡುತ್ತಿತ್ತು.

ಕೆಲವು ಸಂಜೆ ಮಾತ್ರ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ವರ್ಡ್‌ಪ್ರೆಸ್ಸಿನ ಕ್ರಾನ್ ನಿಜವಾದ ಕ್ರಾನ್ ಅಲ್ಲ. ಯಾರಾದರೂ ಪೇಜು ತೆರೆದಾಗ ಬಾಕಿ ಕೆಲಸ ಇದೆಯಾ ಅಂತ ನೋಡಿ ಓಡಿಸುತ್ತದೆ. ಒಬ್ಬ ಗಿರಾಕಿ 7:31ಕ್ಕೆ ಬಂದರೆ ಬ್ಯಾಕಪ್ ಆಗ ಶುರು. ಶನಿವಾರ ಯಾರೂ ಬಾರದಿದ್ದರೆ ಎಂಟೂವರೆಗೋ ಒಂಬತ್ತಕ್ಕೋ. ಗಿರಾಕಿ ಜಾಸ್ತಿ ಇದ್ದ ಸಂಜೆಯೇ ಪೆಟ್ಟು ಜಾಸ್ತಿ. ನನ್ನ ಸ್ಕ್ರಿಪ್ಟು 5 ನಿಮಿಷಕ್ಕೊಮ್ಮೆ ತಟ್ಟಲು ಶುರು ಮಾಡಿದ ಮೇಲೆ ಬ್ಯಾಕಪ್ ದಿನಾ 7:30ಕ್ಕೇ ಹೊರಡತೊಡಗಿತು. ನೋಡುವವನು ಬಂದ ಮೇಲೆ ಕಾಯಿಲೆಗೆ ಶಿಸ್ತು ಬಂತು! ಅದರಿಂದ ಹಿಡಿಯಲು ಸುಲಭವಾಯಿತು ಅನ್ನಿ.

ರಿಪೇರಿ ಚಿಕ್ಕದು. ಸೈಟಿನ ಸಮಯ ವಲಯ ಏಷ್ಯಾ/ಕೋಲ್ಕತಾ ಮಾಡಿಸಿದೆವು. ಬಂದವರ ಬೆನ್ನೇರಿ ಓಡುವ ಕ್ರಾನ್ ಅನ್ನು ಕಾನ್ಫಿಗ್ ಫೈಲಿನಲ್ಲಿ ಆಫ್ ಮಾಡಿ, ಹೋಸ್ಟಿಂಗ್ ಪ್ಯಾನೆಲಿನ ನಿಜವಾದ ಕ್ರಾನ್‌ಗೆ ಕೊಟ್ಟೆವು. ಬ್ಯಾಕಪ್ ಈಗ ಬೆಳಗಿನ ಜಾವ 3ಕ್ಕೆ. ಪ್ಯಾನೆಲಿನ ಗಡಿಯಾರ ಈಗಲೂ ಯುಟಿಸಿಯೇ, ಅದನ್ನು ಬದಲಾಯಿಸಲು ನಮಗೆ ಅಧಿಕಾರ ಇಲ್ಲ, ಹಾಗಾಗಿ ಅಲ್ಲಿ 21:30 ಅಂತ ಬರೆದು ಪಕ್ಕದಲ್ಲಿ ಯಾಕೆ ಅಂತ ಒಂದು ಸಾಲು ಟಿಪ್ಪಣಿ ಇಟ್ಟಿದ್ದೇವೆ.

ಇಲ್ಲೊಂದು ಲೆಕ್ಕ ಹೇಳಬೇಕು. ಹೋಸ್ಟಿಂಗ್ ಜಾಹೀರಾತುಗಳಲ್ಲಿ ಸೈಟು 99.9 ಶೇಕಡಾ ಹೊತ್ತು ಎದ್ದಿರುತ್ತದೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. 30 ದಿನದಲ್ಲಿ 43,200 ನಿಮಿಷ, ಅದರಲ್ಲಿ 43 ನಿಮಿಷ ಬಿದ್ದರೂ ಮಾತು ಉಳಿಯಿತು. ನಮ್ಮದು ದಿನಕ್ಕೆ 20 ನಿಮಿಷ ಬಿದ್ದರೆ ತಿಂಗಳಿಗೆ 600 ನಿಮಿಷ, ಅಂದರೆ 98.6 ಶೇಕಡಾ ಎದ್ದಿತ್ತು. ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಶೆಟ್ರ ಅಂಗಡಿ ಇರುವುದು ಸಂಜೆಯ 180 ನಿಮಿಷದಲ್ಲಿ. ಅದರಲ್ಲಿ 20 ಅಂದರೆ ಒಂಬತ್ತರಲ್ಲಿ ಒಂದು ಪಾಲು. ಹಾಗಾಗಿ ನನ್ನ ವಾರದ ವರದಿಯಲ್ಲಿ ಇಡೀ ದಿನದ ಸರಾಸರಿ ಇಲ್ಲವೇ ಇಲ್ಲ, 6ರಿಂದ 9ರದ್ದು ಮಾತ್ರ.

ಮುಂಚೆಯೇ ಗೊತ್ತಾಗುವ ಎರಡು ಸಾವು

ಪೇಜು ಬೀಳುವ ಕಾರಣಗಳಲ್ಲಿ ಎರಡಕ್ಕೆ ತಾರೀಖು ಮೊದಲೇ ನಿಗದಿಯಾಗಿರುತ್ತದೆ. ಸರ್ಟಿಫಿಕೇಟ್ ಮತ್ತು ಡೊಮೇನ್. ಈ ಸೈಟಿನದು ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಸರ್ಟಿಫಿಕೇಟ್, ತಾನೇ ನವೀಕರಣ ಆಗಬೇಕು. ಆಗದೇ ಇದ್ದರೆ? 'ಓಪನ್‌ಎಸ್‌ಎಸ್‌ಎಲ್'ನಲ್ಲಿ 'ಚೆಕ್‌ಎಂಡ್' ಅಂತ ಒಂದು ಆಯ್ಕೆ ಇದೆ. ಇಷ್ಟು ಸೆಕೆಂಡಿನೊಳಗೆ ಮುಗಿಯುತ್ತದೆಯಾ ಅಂತ ಕೇಳಿದರೆ ಹೌದು-ಇಲ್ಲ ಹೇಳುತ್ತದೆ. 14 ದಿನಕ್ಕೆ 12,09,600 ಸೆಕೆಂಡ್. ಬೆಳಿಗ್ಗೆ ಒಂದು ಸಲ ಕೇಳಿದರೆ ಸಾಕು. ಡೊಮೇನ್ ಅವಧಿಗೆ ವಾರಕ್ಕೊಮ್ಮೆ 'ಹೂಈಸ್'. ಅದರ ಉತ್ತರದಲ್ಲಿ ಮುಗಿಯುವ ತಾರೀಖಿನ ಸಾಲನ್ನು ಹೆಕ್ಕುವುದು ಅಷ್ಟೇ ಕೆಲಸ. ಡೊಮೇನ್ ಯಾರ ಹೆಸರಿನಲ್ಲಿದೆ, ನೆನಪಿನ ಇಮೇಲ್ ಯಾರ ಡಬ್ಬಿಗೆ ಹೋಗುತ್ತದೆ ಅಂತಲೂ ಆಗಲೇ ಕೇಳಿ ತಿಳಿದುಕೊಳ್ಳಿ. ಸಣ್ಣ ವ್ಯಾಪಾರದವರಲ್ಲಿ ಅದು ಎಷ್ಟೋ ಸಲ ಸೈಟು ಮಾಡಿಕೊಟ್ಟವನ ಹೆಸರಿನಲ್ಲೇ ಇರುತ್ತದೆ.

ಕಾವಲುಗಾರನಿಗೆ ಕಾವಲು

ಪೈ ಸತ್ತರೆ? 2020ರ ಅಕ್ಟೋಬರ್ 12ರಂದು ಗ್ರಿಡ್ ಕೈಕೊಟ್ಟು ಮುಂಬೈಗೆ ಕರೆಂಟಿಲ್ಲದೆ ಲೋಕಲ್ ಟ್ರೇನುಗಳೇ ನಿಂತಿದ್ದವು. ಅಂಥ ದಿನ ಬೇಡ, ಮನೆ ಒರೆಸುವಾಗ ಪ್ಲಗ್ ಕಿತ್ತರೂ ಸಾಕು. ಪೈ ಮಾತಾಡುವುದಿಲ್ಲ, ಮಾತಿಲ್ಲದ್ದನ್ನು ನಾವು "ಎಲ್ಲ ಸರಿ" ಅಂದುಕೊಳ್ಳುತ್ತೇವೆ.

ಇದಕ್ಕೆ ಹೆಲ್ತ್‌ಚೆಕ್ಸ್ ಡಾಟ್ ಐಓ ಅನ್ನೋ ಸೇವೆ ಬಳಸಿದೆ. ಪ್ರತಿ ಸುತ್ತು ಮುಗಿದ ಮೇಲೆ ಸ್ಕ್ರಿಪ್ಟು ಅವರು ಕೊಟ್ಟ ವಿಳಾಸವನ್ನು ಒಂದು ಸಲ ತಟ್ಟುತ್ತದೆ. 15 ನಿಮಿಷ ತಟ್ಟದಿದ್ದರೆ ಅವರೇ ನನಗೆ ಇಮೇಲ್ ಮಾಡುತ್ತಾರೆ. ಮನೆಯ ನೆಟ್ ಹೋದರೂ, ಕೇಬಲ್‌ವಾಲಾ ನಡುವೆ ಕೂತರೂ, ಪೈಯ ಎಸ್‌ಡಿ ಕಾರ್ಡ್ ಸತ್ತರೂ ಈ ಒಂದೇ ದಾರಿಯಲ್ಲಿ ತಿಳಿಯುತ್ತದೆ.

ಶೆಟ್ರಿಗೆ ಮಾತ್ರ ಇಮೇಲ್ ಮೇಲೆ ಭರವಸೆ ಇಲ್ಲ. ದಿನಾ ಸಂಜೆ 6ಕ್ಕೆ "ಪೇಜು ಸರಿ ಉಂಟು" ಅಂತ ಒಂದು ಮೆಸೇಜ್ ಬರಲಿ ಅಂದರು. ಮೊದಲು ನಾನು ಬೇಡ ಅಂದೆ, ದಿನಾ ಬರುವ ಮೆಸೇಜನ್ನು ಯಾರೂ ಓದುವುದಿಲ್ಲ ಅನ್ನೋದು ನನ್ನ ವಾದ. "ಓದೋದು ಬೇಡ ಮಾರಾಯ್ರೆ, ಬಂತಾ ಇಲ್ವಾ ಅಂತ ನೋಡಿದ್ರೆ ಸಾಕಲ್ಲ" ಅಂದರು. ವಾದ ಅಲ್ಲಿಗೆ ಮುಗಿಯಿತು. 6ಕ್ಕೆ ಮೆಸೇಜ್ ಹೋಗುತ್ತದೆ.

ಒಂದು ಕೆಲಸ ಬಾಕಿ ಇದೆ. ಪೇಜು ತೆರೆಯುತ್ತದೆ, ತಾರೀಖು ಸರಿ ಇದೆ. ಆದರೆ 'ಆರ್ಡರ್ ಕಳಿಸಿ' ಗುಂಡಿ ಒತ್ತಿದರೆ ಆರ್ಡರ್ ನಿಜವಾಗಿ ಸೇರುತ್ತದೆಯಾ ಅಂತ ಸ್ಕ್ರಿಪ್ಟು ನೋಡುವುದಿಲ್ಲ. ನೋಡಬೇಕಾದರೆ ದಿನಾ ಒಂದು ಸುಳ್ಳು ಆರ್ಡರ್ ಹಾಕಬೇಕು, ಅದು ಭಟ್ಟರ ಲೆಕ್ಕಕ್ಕೆ ಸೇರಬಾರದು. ಅದಕ್ಕೆ ಸೈಟಿನೊಳಗೆ ಸ್ವಲ್ಪ ಬದಲಾವಣೆ ಬೇಕು. ಮೀರಾ ರೋಡಿನ ಹುಡುಗ ಒಪ್ಪಿದ್ದಾನೆ, ತಾರೀಖು ಮಾತ್ರ ಕೊಟ್ಟಿಲ್ಲ.